ಐಟಿಪಿ: ಸ್ಟೀರಾಯ್ಡ್ ಆದ್ಮೇಲೆ ಯಾವ ದಾರಿ? ಮಾತ್ರೆ, ಇಂಜೆಕ್ಷನ್, ಆಪರೇಷನ್ ಎಲ್ಲಾ ಪಕ್ಕಪಕ್ಕ ಇಟ್ಟು ನೋಡೋಣ

ಐಟಿಪಿ, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್ ಕಮ್ಮಿ ಆಗೋ ಕಾಯಿಲೆ, ಇರೋರು ನನ್ನ ಕೇಳೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇರುತ್ತೆ. ವೈಸಲೋನ್ (ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ) ತಗೊಳ್ತಿದ್ದಷ್ಟು ದಿನ ಪ್ಲೇಟ್ಲೆಟ್ ಕೌಂಟ್ ಚೆನ್ನಾಗಿತ್ತು, ಡೋಸ್ ಇಳಿಸ್ತಾ ಬಂದಂಗೆ ಮತ್ತೆ 12 ಸಾವಿರಕ್ಕೆ ಬಿತ್ತು, ಈಗ ಡಾಕ್ಟ್ರು ಎಲ್ಟ್ರೊಂಬೊಪ್ಯಾಗ್ ಇದೆ, ರಿಟಕ್ಸಿಮ್ಯಾಬ್ ಇದೆ, ಡ್ಯಾಪ್ಸೋನ್ ಇದೆ, ಇಲ್ಲಾಂದ್ರೆ ಸ್ಪ್ಲೀನ್ ತೆಗೆಸಬಹುದು, ಮನೇಲಿ ಮಾತಾಡಿ ಹೇಳಿ ಅಂತ ಕಳಿಸಿದಾರೆ. ಮನೇಲಿ ಏನಂತ ಮಾತಾಡೋದು? ಹೆಸರು ಉಚ್ಚಾರ ಮಾಡೋದೇ ಕಷ್ಟ. ನಾನು ಡಾಕ್ಟ್ರಲ್ಲ, ಐಟಿಪಿ ಇಟ್ಕೊಂಡೇ ಕೆಲಸ, ಸಂಸಾರ ಎಲ್ಲಾ ಮಾಡ್ಕೊಂಡು ಬಂದಿರೋಳು, ಈಗ ಎಲ್ಟ್ರೊಂಬೊಪ್ಯಾಗ್ ಮೇಲಿದೀನಿ. ಯಾವುದು ತಗೊಳ್ಳಿ ಅಂತ ನಾನು ಹೇಳಲ್ಲ, ಒಂದೊಂದು ದಾರಿ ನಿಮ್ಮಿಂದ ಏನು ಕೇಳುತ್ತೆ ಅಂತ ಹೇಳ್ತೀನಿ.

ಮೊದಲು ಎರಡು ಮಾತಲ್ಲಿ ಕಾಯಿಲೆ ಬಗ್ಗೆ. ನಮ್ಮ ಇಮ್ಯೂನ್ ಸಿಸ್ಟಮ್ಮೇ ನಮ್ಮ ಪ್ಲೇಟ್ಲೆಟ್ ಮೇಲೆ ಆಂಟಿಬಾಡಿ ಅಂಟಿಸುತ್ತೆ, ಅಂಟಿಸಿಕೊಂಡಿದ್ದನ್ನ ಸ್ಪ್ಲೀನ್, ಅಂದ್ರೆ ಗುಲ್ಮ, ಹಿಡಿದು ತಿಂದು ಹಾಕುತ್ತೆ, ಜೊತೆಗೆ ಮೂಳೆ ಮಜ್ಜೇಲಿ ಹೊಸದಾಗಿ ತಯಾರಾಗೋದೂ ಸಾಕಾಗಲ್ಲ. ನಾರ್ಮಲ್ ಕೌಂಟ್ 1.5 ಲಕ್ಷದಿಂದ 4.5 ಲಕ್ಷ, ಐಟಿಪಿ ಅನ್ನೋಕೆ 1 ಲಕ್ಷಕ್ಕಿಂತ ಕೆಳಗಿರಬೇಕು ಮತ್ತೆ ಬೇರೆ ಕಾರಣ ಸಿಕ್ಕಿರಬಾರದು. "ಹಂಗಾದ್ರೆ ಡೆಂಗ್ಯೂ ಬಂದಾಗ ಹಾಕ್ತಾರಲ್ಲ, ಹಂಗೆ ಪ್ಲೇಟ್ಲೆಟ್ ಹಾಕಿಸಿಬಿಟ್ರೆ ಆಯ್ತಲ್ವಾ" ಅಂತ ಕೇಳದ ನೆಂಟರೇ ಇಲ್ಲ. ಆಗಲ್ಲ, ಯಾಕಂದ್ರೆ ಹಾಕಿದ್ದನ್ನೂ ಅದೇ ಆಂಟಿಬಾಡಿ ಹಿಡಿಯುತ್ತೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಅನ್ನೋ ಡಾಕ್ಟ್ರು ಐಟಿಪಿ ಪೇಷಂಟ್ ರಕ್ತಾನ ತನಗೇ ಹಾಕಿಸ್ಕೊಂಡು ನೋಡಿದ್ರು, ಕೆಲವೇ ಗಂಟೇಲಿ ಅವರ ಪ್ಲೇಟ್ಲೆಟ್ ಪಾತಾಳಕ್ಕೆ ಹೋಯ್ತು, ಅಂದ್ರೆ ತೊಂದರೆ ಇರೋದು ರಕ್ತದಲ್ಲಿ ಓಡಾಡ್ತಿರೋ ಯಾವುದೋ ವಸ್ತುವಲ್ಲಿ ಅಂತ ಗೊತ್ತಾಯ್ತು. ಈಗ ಯಾರೂ ಅಂಥ ಹುಚ್ಚು ಸಾಹಸಕ್ಕೆ ಪರ್ಮಿಷನ್ ಕೊಡಲ್ಲ ಬಿಡಿ. ಐಟಿಪಿಲಿ ಪ್ಲೇಟ್ಲೆಟ್ ಹಾಕೋದು ಜೀವಕ್ಕೆ ಅಪಾಯ ಆಗೋ ಬ್ಲೀಡಿಂಗ್ ಇದ್ದಾಗ, ಬೇರೆ ಔಷಧಿ ಜೊತೆಗೆ.

ಟ್ರೀಟ್‌ಮೆಂಟ್ ಬೇಕೇ ಬೇಕಾ?

ಇದನ್ನ ಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗೋರೇ ಜಾಸ್ತಿ. ಮೊದಲು ಪೆರಿಫೆರಲ್ ಸ್ಮಿಯರ್, ಅಂದ್ರೆ ರಕ್ತದ ಹನೀನ ಗಾಜಿನ ಮೇಲೆ ಹರಡಿ ಮೈಕ್ರೋಸ್ಕೋಪಲ್ಲಿ ನೋಡೋ ಟೆಸ್ಟ್, ಆಗಿದೆಯಾ ನೋಡಿ. ಕೆಲವರ ರಕ್ತದಲ್ಲಿ ಲ್ಯಾಬ್ ಟ್ಯೂಬಲ್ಲಿ ರಕ್ತ ಗಟ್ಟಿಯಾಗದಂಗೆ ಹಾಕಿರೋ ಇಡಿಟಿಎ ತಾಗಿದ್ರೆ ಪ್ಲೇಟ್ಲೆಟ್ ಗುಂಪುಗುಂಪಾಗಿ ಅಂಟ್ಕೊಳ್ಳುತ್ತೆ, ಮಷಿನ್ ಅದನ್ನ ಎಣಿಸಲ್ಲ, ರಿಪೋರ್ಟಲ್ಲಿ 20 ಸಾವಿರ ಅಂತ ಬರುತ್ತೆ, ಕಾಯಿಲೆ ಏನೂ ಇರಲ್ಲ. ಎಚ್‌ಐವಿ, ಹೆಪಟೈಟಿಸ್ ಸಿ ನೋಡಿರಬೇಕು. ಜ್ವರದ ಜೊತೆ ಕೌಂಟ್ ಬಿದ್ದಿದ್ರೆ ಡೆಂಗ್ಯೂ, ಶಿವಮೊಗ್ಗ, ಉತ್ತರ ಕನ್ನಡದ ಕಡೆಯವರಾದ್ರೆ ಮಂಗನ ಕಾಯಿಲೇನೂ ತಲೇಲಿಟ್ಕೊಂಡಿರಬೇಕು.

ಇಷ್ಟಾದ್ಮೇಲೂ ಐಟಿಪಿನೇ ಅಂತಾದ್ರೆ, ದೊಡ್ಡವರಲ್ಲಿ ಕೌಂಟ್ 30 ಸಾವಿರ ಅಥ್ವಾ ಅದಕ್ಕಿಂತ ಮೇಲಿದ್ದು ಬ್ಲೀಡಿಂಗ್ ಇಲ್ಲಾಂದ್ರೆ ಸಾಮಾನ್ಯವಾಗಿ ಸುಮ್ಮನೆ ನೋಡ್ತಾ ಇರೋದೇ ಟ್ರೀಟ್‌ಮೆಂಟು. ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿಯ 2019ರ ಗೈಡ್‌ಲೈನೂ ಅದನ್ನೇ ಹೇಳುತ್ತೆ. ಮಕ್ಕಳಲ್ಲಂತೂ ಬರೀ ಕೆಂಪು ಚುಕ್ಕೆ, ನೀಲಿ ಕಲೆ ಅಷ್ಟೇ ಇದ್ರೆ ಕೌಂಟ್ ಎಷ್ಟೇ ಇರ್ಲಿ ಕಾಯೋದನ್ನೇ ಮೊದಲು ಯೋಚಿಸ್ತಾರೆ, ಯಾಕಂದ್ರೆ ಐದರಲ್ಲಿ ನಾಲ್ಕು ಮಕ್ಕಳಿಗೆ ವರ್ಷದೊಳಗೆ ತಾನಾಗೇ ಸರಿಹೋಗುತ್ತೆ. ಅಪ್ಪ ಅಮ್ಮಂಗೆ ಕಾಯೋದೇ ಎಲ್ಲಕ್ಕಿಂತ ಕಷ್ಟದ ಟ್ರೀಟ್‌ಮೆಂಟ್, ಅದು ಬೇರೆ ಮಾತು.

ಇನ್ನೊಂದು, ಗುರಿ 1.5 ಲಕ್ಷ ಅಲ್ಲ. ಬ್ಲೀಡಿಂಗ್ ಆಗದೆ 30ರಿಂದ 50 ಸಾವಿರದ ಮೇಲೆ ನಿಂತ್ರೆ ಆರಾಮಾಗಿ ಬದುಕಬಹುದು. 48 ಸಾವಿರ ಬಂದಿದ್ದಕ್ಕೆ ಅಳ್ತಾ ಕೂತಿದ್ದವರನ್ನ ನೋಡಿದೀನಿ, ವಾರಕ್ಕೆ ಮೂರು ಸಲ ಸಿಬಿಸಿ ಮಾಡಿಸಿ ಮಾಡಿಸಿ ಕೈ ತುಂಬ ಸೂಜಿ ಗುರುತು.

ಯಾವ ಅಳತೇಲಿ ತೂಗೋದು

ನಾನು ಐದು ವಿಷಯ ನೋಡ್ತೀನಿ. ಎಷ್ಟು ಬೇಗ ಕೆಲಸ ಮಾಡುತ್ತೆ. ನಿಲ್ಲಿಸಿದ ಮೇಲೂ ಕೌಂಟ್ ನಿಲ್ಲುತ್ತಾ, ಇಲ್ಲಾ ನುಂಗ್ತಾ ಇದ್ದಷ್ಟು ದಿನ ಮಾತ್ರಾನಾ. ದುಡ್ಡು, ಅದ್ರಲ್ಲೂ ಒಂದೇ ಸಲ ಕೊಡೋದಾ ತಿಂಗಳು ತಿಂಗಳು ಕೊಡೋದಾ. ದಿನನಿತ್ಯದ ಕಾಟ ಎಷ್ಟು, ಅಂದ್ರೆ ಲ್ಯಾಬಿಗೆ ಓಡಾಟ, ಊಟದ ಕಟ್ಟುಪಾಡು, ಫ್ರಿಜ್ಜು, ಸೂಜಿ. ಕೊನೇದು, ನಿಮ್ಮ ದೇಹದಲ್ಲಿ, ಬದುಕಲ್ಲಿ ಇನ್ನೇನಿದೆ, ಮಗು ಬೇಕಾ, ಶುಗರ್ ಇದೆಯಾ, ಹಾರ್ಟಿಗೆ ಸ್ಟೆಂಟ್ ಹಾಕಿದೆಯಾ, ಲಿವರ್ ಹೆಂಗಿದೆ. ಇದ್ರಲ್ಲಿ ಐದೂ ಕೊಡೋ ಔಷಧಿ ಒಂದೂ ಇಲ್ಲ, ಅದಕ್ಕೇ ಇಷ್ಟೊಂದು ಆಯ್ಕೆ ಇರೋದು.

ಸ್ಟೀರಾಯ್ಡ್ ಮತ್ತೆ ಐವಿಐಜಿ

ಸ್ಟೀರಾಯ್ಡ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರೂ ದಾಟಿ ಬಂದಿರ್ತೀರ. ಪ್ರೆಡ್ನಿಸೊಲೋನ್ ಕೆಲವು ವಾರ, ಇಲ್ಲಾ ಡೆಕ್ಸಾಮೆಥಸೋನ್ ದಿನಕ್ಕೆ 40 ಮಿ.ಗ್ರಾಂ ನಾಲ್ಕು ದಿನ. ಅಗ್ಗ, ಒಂದೆರಡು ವಾರದೊಳಗೆ ಹೆಚ್ಚಿನವರಲ್ಲಿ ಕೌಂಟ್ ಏರುತ್ತೆ, ಆದ್ರೆ ಬಹಳ ಜನಕ್ಕೆ ನಿಲ್ಲಿಸಿದ್ಮೇಲೆ ಬೀಳುತ್ತೆ. ಮುಖ್ಯ ವಿಷಯ ಏನಂದ್ರೆ ಪ್ರೆಡ್ನಿಸೊಲೋನ್ ಆರು ವಾರದೊಳಗೆ ಇಳಿಸಿ ಮುಗಿಸಬೇಕು ಅನ್ನೋದು ಈಗಿನ ಸಲಹೆ. ವರ್ಷಗಟ್ಟಲೆ 10 ಮಿ.ಗ್ರಾಂ ತಗೊಂಡು "ಅಗ್ಗ ಅಲ್ವಾ" ಅನ್ನೋರಿಗೆ ಶುಗರ್, ಬಿಪಿ, ಮೂಳೆ ಸವೆತ, ಕಣ್ಣಿನ ಪೊರೆಯ ಬಿಲ್ ಆಮೇಲೆ ಬರುತ್ತೆ. ಮತ್ತೆ ಅದನ್ನ ದಿಢೀರ್ ಅಂತ ನೀವೇ ನಿಲ್ಲಿಸಬೇಡಿ, ಹಂತಹಂತವಾಗೇ ಇಳಿಸಬೇಕು.

ಐವಿಐಜಿ, ಅಂದ್ರೆ ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳು, ಆಯ್ಕೆಗಳ ಪಟ್ಟೀಲಿ ಬರಲೇಬಾರದು, ಅದು ತುರ್ತು ವಾಹನ. ಕೆಜಿಗೆ 1 ಗ್ರಾಂ ಲೆಕ್ಕದಲ್ಲಿ ಡ್ರಿಪ್ ಹಾಕ್ತಾರೆ, ಕೆಲವೇ ದಿನದಲ್ಲಿ ಕೌಂಟ್ ಏರುತ್ತೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. 60 ಕೆಜಿ ಇರೋರಿಗೆ 60 ಗ್ರಾಂ, ಖರ್ಚು ಲಕ್ಷದ ಲೆಕ್ಕಕ್ಕೆ ಹೋಗುತ್ತೆ. ಹೆರಿಗೆ, ಆಪರೇಷನ್, ನಿಲ್ಲದ ಬ್ಲೀಡಿಂಗ್, ಇದಕ್ಕೆ ಸರಿ. ಬರೀ ನಂಬರ್ ಚೆಂದ ಕಾಣ್ಲಿ ಅಂತ ಸಾಲ ಮಾಡಿ ಹಾಕಿಸ್ಕೋಬೇಡಿ.

ಎಲ್ಟ್ರೊಂಬೊಪ್ಯಾಗ್, ರೋಮಿಪ್ಲೋಸ್ಟಿಮ್

ಇವೆರಡೂ ಆಂಟಿಬಾಡಿ ತಂಟೆಗೆ ಹೋಗಲ್ಲ, ಮಜ್ಜೆಗೆ "ಇನ್ನೂ ಮಾಡು, ಇನ್ನೂ ಮಾಡು" ಅಂತ ಹೇಳ್ತಾವೆ. ಎರಡೂ ಅಮೆರಿಕದಲ್ಲಿ 2008ರಲ್ಲಿ ಅನುಮತಿ ಪಡೆದವು, ಈಗ ಎಲ್ಟ್ರೊಂಬೊಪ್ಯಾಗ್ ಭಾರತದ ಕಂಪನಿಗಳ ಜೆನೆರಿಕ್ಕೂ ಸಿಗುತ್ತೆ, ಮೊದಲಿನಷ್ಟು ದುಬಾರಿ ಅಲ್ಲ, ಆದ್ರೂ ತಿಂಗಳಿಗೆ ಸಾವಿರಗಳ ಲೆಕ್ಕವೇ. ಒಂದೆರಡು ವಾರದಲ್ಲಿ ಕೆಲಸ ಶುರು, ಹೆಚ್ಚಿನವರಲ್ಲಿ ಕೌಂಟ್ ಏರುತ್ತೆ, ಇಮ್ಯುನಿಟಿ ಕುಗ್ಗಿಸಲ್ಲ. ಇದು ಇದರ ದೊಡ್ಡ ಪ್ಲಸ್, ಸೋಂಕಿನ ಭಯ ಇಲ್ಲ. ಮೈನಸ್ ಏನಂದ್ರೆ ಇದು ಬ್ಯಾಂಕ್ ಕಂತು ಇದ್ದಂಗೆ, ಕಟ್ತಾ ಇರೋವರೆಗೂ ಮನೆ ನಿಮ್ಮದು. ಕೆಲವರಿಗೆ ನಿಧಾನಕ್ಕೆ ಇಳಿಸಿ ಪೂರ್ತಿ ನಿಲ್ಲಿಸೋಕೂ ಆಗುತ್ತೆ, ಆದ್ರೆ ಅದನ್ನ ನಂಬ್ಕೊಂಡು ಶುರು ಮಾಡಬೇಡಿ. ಸ್ಟಾಕ್ ಇಲ್ಲ ಅಂತ ನಾಲ್ಕು ದಿನ ಬಿಟ್ರೆ ಶುರು ಮಾಡೋ ಮುಂಚೆ ಇದ್ದದ್ದಕ್ಕಿಂತ ಕೆಳಗೆ ಬೀಳೋ ಸಾಧ್ಯತೆ ಇದೆ, ಹಂಗಾಗಿ ಒಂದು ಸ್ಟ್ರಿಪ್ ಯಾವಾಗ್ಲೂ ಎಕ್ಸ್ಟ್ರಾ ಇರಲಿ.

ಊಟದ ವಿಷಯ ಯಾರೂ ಸರಿಯಾಗಿ ಹೇಳಿಕೊಡಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ಉದ್ದ ಹೇಳ್ತೀನಿ. ಎಲ್ಟ್ರೊಂಬೊಪ್ಯಾಗ್ ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್ ಜೊತೆ ಹೊಟ್ಟೇಲಿ ಸೇರಿದ್ರೆ ಅಂಟ್ಕೊಂಡು ಹಂಗೇ ಹೊರಗೆ ಹೋಗುತ್ತೆ, ರಕ್ತಕ್ಕೆ ಸೇರಲ್ಲ. ಕ್ಯಾಲ್ಸಿಯಂ ಜಾಸ್ತಿ ಇರೋ ಊಟಕ್ಕೆ ಎರಡು ಗಂಟೆ ಮುಂಚೆ ಇಲ್ಲಾ ನಾಲ್ಕು ಗಂಟೆ ಆದ್ಮೇಲೆ ತಗೋಬೇಕು. ಚೀಟೀಲಿ ಹಾಲು, ಚೀಸು ಅಂತ ಬರೆದಿರ್ತಾರೆ, ನಮ್ಮ ಕಡೆ ಚೀಸ್ ಯಾರು ದಿನಾ ತಿಂತಾರೆ? ಆದ್ರೆ ರಾಗಿ! 100 ಗ್ರಾಂ ರಾಗೀಲಿ ಹೆಚ್ಚುಕಮ್ಮಿ 350 ಮಿ.ಗ್ರಾಂ ಕ್ಯಾಲ್ಸಿಯಂ. ಬೆಳಿಗ್ಗೆ ಎದ್ದು ರಾಗಿ ಗಂಜಿ ಕುಡಿದು ಅದರ ಮೇಲೆ ಮಾತ್ರೆ, ಆಮೇಲೆ "ಔಷಧಿ ಕೆಲಸಾನೇ ಮಾಡ್ತಿಲ್ಲ, ಡೋಸ್ ಜಾಸ್ತಿ ಮಾಡಿ". ಮುದ್ದೆ, ಮಜ್ಜಿಗೆ, ಮೊಸರನ್ನ, ಹಾಲು ಹಾಕಿದ ಕಾಫಿ ಎಲ್ಲಾ ಇದೇ ಲೆಕ್ಕ. ಹಳ್ಳಿ ಕಡೆ ಬೆಳಿಗ್ಗೆ 5ಕ್ಕೆ ಏಳೋರು ಎದ್ದ ಕೂಡ್ಲೇ ನೀರಲ್ಲಿ ಮಾತ್ರೆ ನುಂಗಿ 7 ಗಂಟೆಗೆ ಕಾಫಿ ಕುಡೀಬಹುದು. ನಾನು ಎದ್ದ ತಕ್ಷಣ ಕಾಫಿ ಇಲ್ದೆ ಮನುಷ್ಯಳೇ ಅಲ್ಲ, ಹಂಗಾಗಿ 7 ಗಂಟೆಗೆ ಊಟ ಮುಗಿಸಿ ರಾತ್ರಿ 11ಕ್ಕೆ ಮಾತ್ರೆ ತಗೊಂಡು ಮಲಗ್ತೀನಿ. ಟೈಮ್ ಯಾವುದಾದ್ರೂ ಇರ್ಲಿ, ದಿನಾ ಅದೇ ಟೈಮ್ ಇರ್ಲಿ.

ಲಿವರ್ ಟೆಸ್ಟ್ ಶುರುವಿನಲ್ಲಿ ಎರಡು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಕೌಂಟ್ 2 ಲಕ್ಷ ದಾಟಿದ್ರೆ ಡೋಸ್ ಇಳಿಸ್ತಾರೆ, ಖುಷಿ ಪಟ್ಕೊಂಡು ಹಂಗೇ ಮುಂದುವರೆಸಬಾರದು, ರಕ್ತ ಹೆಪ್ಪುಗಟ್ಟೋ ರಿಸ್ಕ್ ಇದೆ. ಮೊದಲೇ ಕಾಲಿಗೋ ಶ್ವಾಸಕೋಶಕ್ಕೋ ಕ್ಲಾಟ್ ಆಗಿದ್ದೋರು, ಸ್ಟೆಂಟ್ ಇರೋರು ಇದನ್ನ ಡಾಕ್ಟ್ರಿಗೆ ಒತ್ತಿ ಹೇಳ್ಬೇಕು.

ರೋಮಿಪ್ಲೋಸ್ಟಿಮ್ ವಾರಕ್ಕೊಂದು ಚರ್ಮದಡಿಯ ಇಂಜೆಕ್ಷನ್, ಊಟದ ಕಟ್ಟುಪಾಡಿಲ್ಲ, ಲಿವರ್ ಸರಿಯಿಲ್ಲದವರಿಗೆ ಡಾಕ್ಟ್ರು ಇದರ ಕಡೆ ವಾಲಬಹುದು. ಆದ್ರೆ 2ರಿಂದ 8 ಡಿಗ್ರೀಲಿ ಇಡಬೇಕು, ವಾರ ವಾರ ಹಾಕೋರು ಬೇಕು, ತೂಕ ನೋಡಿ ಡೋಸ್ ಲೆಕ್ಕ. ಬೆಂಗಳೂರು, ಮೈಸೂರಲ್ಲಿ ಇರೋರಿಗೆ ಪರವಾಗಿಲ್ಲ, ಕರೆಂಟ್ ದಿನಕ್ಕೆ ಆರು ಗಂಟೆ ಹೋಗೋ ಊರಲ್ಲಿ ಯೋಚನೆ ಮಾಡಿ.

ರಿಟಕ್ಸಿಮ್ಯಾಬ್

ಆಂಟಿಬಾಡಿ ತಯಾರಿಸೋ ದಾರೀಲಿರೋ ಬಿ ಸೆಲ್ ಅನ್ನೋ ಬಿಳಿ ರಕ್ತಕಣಗಳನ್ನೇ ತೆಗೆದುಹಾಕುತ್ತೆ. ವಾರಕ್ಕೊಂದರಂತೆ ನಾಲ್ಕು ಡ್ರಿಪ್, ಆಮೇಲೆ ದಿನಾ ಮಾತ್ರೆಯ ರಗಳೆ ಇಲ್ಲ. ಇದೇ ಆಕರ್ಷಣೆ. ನೂರಕ್ಕೆ ಸುಮಾರು 60 ಜನಕ್ಕೆ ಮೊದಲು ಕೆಲಸ ಮಾಡುತ್ತೆ, ಆದ್ರೆ ಐದು ವರ್ಷದ ನಂತರವೂ ನಿಂತಿರೋದು 20ರಿಂದ 25 ಜನಕ್ಕೆ ಮಾತ್ರ. ಈ ಎರಡನೇ ನಂಬರ್ ಕೇಳದೆ ಒಪ್ಕೋಬೇಡಿ.

ಖರ್ಚಲ್ಲಿ ಒಂದು ಒಳದಾರಿ ಇದೆ. ಪೂರ್ತಿ ಡೋಸ್ ದೇಹದ ಮೇಲ್ಮೈ ಅಳತೆಯ ಒಂದು ಚದರ ಮೀಟರ್‌ಗೆ 375 ಮಿ.ಗ್ರಾಂ, ಸಾಧಾರಣ ಮೈಕಟ್ಟಿನವರಿಗೆ ಒಂದು ಸಲಕ್ಕೆ 600 ಮಿ.ಗ್ರಾಂ ಹತ್ರ, ನಾಲ್ಕು ಸಲಕ್ಕೆ 2,400. ಐಟಿಪಿಗೆ 100 ಮಿ.ಗ್ರಾಂನ ಕಡಿಮೆ ಡೋಸನ್ನೂ ಕೊಡ್ತಾರೆ, ನಾಲ್ಕು ಸಲಕ್ಕೆ ಬರೀ 400. ಔಷಧಿ ಆರರಲ್ಲೊಂದು ಪಾಲು. ನಮ್ಮ ದೇಶದಲ್ಲಿ 2007ರಿಂದಲೇ ಇದರ ಬಯೋಸಿಮಿಲರ್, ಅಂದ್ರೆ ಬೇರೆ ಕಂಪನಿ ಮಾಡಿದ ಅದೇ ಥರದ ಔಷಧಿ, ಇದೆ, ಹಂಗಾಗಿ ಕೈಗೆಟುಕದ ಮಾತಲ್ಲ. ನಿಮಗೆ ಯಾವ ಡೋಸ್ ಯೋಚಿಸಿದಾರೆ, ಕಡಿಮೆ ಡೋಸ್ ಯಾಕೆ ಬೇಡ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಶುರು ಮಾಡೋ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಕಡ್ಡಾಯ, ಒಳಗೆ ಮಲಗಿರೋ ವೈರಸ್ ಎದ್ದುಬಿಡುತ್ತೆ. ಹಾಕಿಸ್ಕೊಂಡ ಮೇಲೆ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ, ವ್ಯಾಕ್ಸಿನ್ ಸರಿಯಾಗಿ ಹಿಡಿಯಲ್ಲ. ಮುಂದೆ ಸ್ಪ್ಲೀನ್ ತೆಗೆಸೋ ಯೋಚನೆ ಸ್ವಲ್ಪ ಇದ್ರೂ ಅದಕ್ಕೆ ಬೇಕಾದ ವ್ಯಾಕ್ಸಿನ್‌ಗಳನ್ನ ರಿಟಕ್ಸಿಮ್ಯಾಬ್‌ಗಿಂತ ಮುಂಚೇನೇ ಹಾಕಿಸ್ಕೊಳ್ಳೋ ಬಗ್ಗೆ ಮಾತಾಡಿ.

ಡ್ಯಾಪ್ಸೋನ್, ಅಜಾಥಯೋಪ್ರಿನ್, ಮೈಕೋಫೆನೊಲೇಟ್

ಡ್ಯಾಪ್ಸೋನ್ ಕುಷ್ಠರೋಗಕ್ಕೆ ಕೊಡೋ ಹಳೇ ಮಾತ್ರೆ. ಮೆಡಿಕಲ್ ಸ್ಟೋರಲ್ಲಿ ಚೀಟಿ ಕೊಟ್ರೆ ಅಂಗಡಿಯವನು ಮುಖ ಒಂದು ಸಲ ನೋಡ್ತಾನೆ, ನೋಡ್ಲಿ ಬಿಡಿ. ದಿನಕ್ಕೆ 100 ಮಿ.ಗ್ರಾಂ, ಅರ್ಧದಷ್ಟು ಜನಕ್ಕೆ ಕೆಲಸ ಮಾಡುತ್ತೆ, ತಿಂಗಳ ಖರ್ಚು ನೂರುಗಳಲ್ಲಿ ಮುಗಿಯುತ್ತೆ, ನಮ್ಮ ದೇಶದ ಹೆಮಟಾಲಜಿಸ್ಟ್‌ಗಳು (ರಕ್ತದ ಕಾಯಿಲೆ ಡಾಕ್ಟ್ರು) ಚೆನ್ನಾಗಿ ಬಲ್ಲ ಔಷಧಿ. ಶುರುವಿಗೆ ಮುಂಚೆ ಜಿ6ಪಿಡಿ ಟೆಸ್ಟ್ ಆಗಲೇಬೇಕು, ಆ ಎನ್ಜೈಮ್ ಕಮ್ಮಿ ಇರೋರಿಗೆ ಕೊಟ್ರೆ ಕೆಂಪು ರಕ್ತಕಣ ಒಡೆದು ಹೋಗುತ್ತೆ. ಟೆಸ್ಟ್ ನಾರ್ಮಲ್ ಇದ್ರೂ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತೆ, ಮೊದಲೇ ರಕ್ತಹೀನತೆ ಇರೋ ಹೆಂಗಸರು ಲೆಕ್ಕಕ್ಕೆ ತಗೋಬೇಕು. ತುಟಿ ನೀಲಿ ಆಗೋದು, ಸುಸ್ತು, ಇಲ್ಲಾ ಮೊದಲ ಎರಡು ತಿಂಗಳಲ್ಲಿ ಜ್ವರದ ಜೊತೆ ಮೈಯೆಲ್ಲಾ ಗಂಧೆ ಬಂದ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ.

ಅಜಾಥಯೋಪ್ರಿನ್, ಮೈಕೋಫೆನೊಲೇಟ್ ಎರಡೂ ಇಮ್ಯುನಿಟಿ ಕುಗ್ಗಿಸೋ ಮಾತ್ರೆ. ಅಜಾಥಯೋಪ್ರಿನ್ ಕೂಡ ಅಗ್ಗ, ಆದ್ರೆ ಮೂರರಿಂದ ಆರು ತಿಂಗಳು ಕಾಯಿಸುತ್ತೆ, ಬಿಳಿ ರಕ್ತಕಣ ನೋಡ್ತಾ ಇರಬೇಕು, ಗರ್ಭಿಣಿಯರಿಗೂ ಅಗತ್ಯ ಬಿದ್ರೆ ಮುಂದುವರೆಸೋ ಕೆಲವೇ ಔಷಧಿಗಳಲ್ಲಿ ಒಂದು. ಮೈಕೋಫೆನೊಲೇಟ್ ಇದಕ್ಕೆ ಉಲ್ಟಾ, ಹುಟ್ಟೋ ಮಗುವಿಗೆ ತೊಂದರೆ ಮಾಡುತ್ತೆ, ಗರ್ಭ ನಿಲ್ಲೋ ಸಾಧ್ಯತೆ ಇರೋರು ಗಟ್ಟಿ ಗರ್ಭನಿರೋಧಕ ಇಲ್ಲದೆ ಮುಟ್ಟಬಾರದು.

ಸ್ಪ್ಲೀನ್ ತೆಗೆಸೋದು

1916ರಲ್ಲಿ ಪ್ರಾಗ್‌ನ ಒಬ್ಬ ಮೆಡಿಕಲ್ ಸ್ಟೂಡೆಂಟ್, ಪಾಲ್ ಕಾಜ್ನೆಲ್ಸನ್, ಸೂಚಿಸಿದ ದಾರಿ. ನೂರು ವರ್ಷ ಆದ್ಮೇಲೂ ಔಷಧಿಯಿಲ್ಲದೆ ದೀರ್ಘಕಾಲ ನಿಲ್ಲೋ ಫಲಿತಾಂಶದಲ್ಲಿ ಇದನ್ನ ಮೀರಿಸಿದ್ದು ಕಡಿಮೆ, ಮೂರರಲ್ಲಿ ಎರಡು ಪಾಲು ಜನಕ್ಕೆ ಕೆಲಸ ಮಾಡುತ್ತೆ. ಒಂದೇ ಸಲದ ಖರ್ಚು, ಈಗ ಲ್ಯಾಪರೊಸ್ಕೋಪಿ. ಹಂಗಿದ್ರೆ ಯಾಕೆ ಎಲ್ಲರೂ ಮಾಡಿಸ್ಕೊಳ್ಳಲ್ಲ ಅಂದ್ರೆ, ತೆಗೆದಿದ್ದನ್ನ ವಾಪಸ್ ಇಡೋಕಾಗಲ್ಲ, ಉಳಿದ ಮೂರನೇ ಒಂದು ಪಾಲಲ್ಲಿ ನೀವಿರ್ತೀರಾ ಅಂತ ಮೊದಲೇ ಹೇಳೋಕಾಗಲ್ಲ, 60 ದಾಟಿದವರಲ್ಲಿ ಫಲಿತಾಂಶ ಇನ್ನೂ ಕಮ್ಮಿ. ಕಾಯಿಲೆ ಗೊತ್ತಾಗಿ ಒಂದು ವರ್ಷನಾದ್ರೂ ಆಗೋವರೆಗೂ ಕಾಯಿರಿ ಅನ್ನೋದು, ಅಷ್ಟರಲ್ಲಿ ಕೆಲವರಿಗೆ ತಾನಾಗೇ ಸರಿಹೋಗುತ್ತೆ ಅನ್ನೋ ಕಾರಣಕ್ಕೆ.

ಸ್ಪ್ಲೀನ್ ಇಲ್ಲದೋರಿಗೆ ಜ್ವರ ಅಂದ್ರೆ ಕಷಾಯ ಕುಡಿದು ಮಲಗೋ ಜ್ವರ ಅಲ್ಲ, ಗಂಟೆಗಳಲ್ಲಿ ರಕ್ತಕ್ಕೆ ನಂಜೇರಬಹುದು, ಜೀವಮಾನ ಪೂರ್ತಿ. ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ವ್ಯಾಕ್ಸಿನ್ ಆಪರೇಷನ್‌ಗೆ ಎರಡು ವಾರ ಮುಂಚೆ ಮುಗಿದಿರಬೇಕು. ನಾಯಿ ಕಚ್ಚಿದ್ರೆ ರೇಬಿಸ್ ಇಂಜೆಕ್ಷನ್ ಜೊತೆ ಆಂಟಿಬಯೋಟಿಕ್ಕೂ ಬೇಕು, ಮಲೇರಿಯಾ ಬಂದ್ರೆ ಜೋರಾಗಿರುತ್ತೆ. ರಾತ್ರಿ 2 ಗಂಟೆಗೆ ಆಸ್ಪತ್ರೆಗೆ ಒಂದು ಗಂಟೇಲಿ ತಲುಪೋಕೆ ಆಗದ ಜಾಗದಲ್ಲಿರೋರಿಗೆ ಇದು ಸಣ್ಣ ವಿಷಯ ಅಲ್ಲ.

ಯಾರಿಗೆ ಯಾವುದು ಹೊಂದಬಹುದು

ಒಂದೆರಡು ವರ್ಷದಲ್ಲಿ ಮಗು ಬೇಕು ಅನ್ನೋರು ಮೊದಲ ದಿನವೇ ಅದನ್ನ ಹೇಳಿ, ಮದ್ವೆ ಆಗಿಲ್ಲ ಅಂದ್ರೂ ಹೇಳಿ. ಮೈಕೋಫೆನೊಲೇಟ್ ಬಿಟ್ಹೋಗುತ್ತೆ, ರಿಟಕ್ಸಿಮ್ಯಾಬ್ ಆದ್ಮೇಲೆ ಒಂದು ವರ್ಷ ತಡೀರಿ ಅಂತಾರೆ, ಎಲ್ಟ್ರೊಂಬೊಪ್ಯಾಗ್ ಗರ್ಭಿಣಿಯರಿಗೆ ಸಲಹೆ ಮಾಡಲ್ಲ. ಬಸುರಲ್ಲಿ ಸಾಮಾನ್ಯವಾಗಿ ಕಡಿಮೆ ಡೋಸ್ ಪ್ರೆಡ್ನಿಸೊಲೋನ್, ಐವಿಐಜಿ. ಹೆರಿಗೆ ಹೊತ್ತಿಗೆ 50 ಸಾವಿರದ ಮೇಲಿರಬೇಕು, ಬೆನ್ನಿಗೆ ಅನಸ್ತೇಶಿಯಾ ಕೊಡೋಕೆ 70-80 ಸಾವಿರ ಕೇಳ್ತಾರೆ.

ಮುಟ್ಟಿನ ಬ್ಲೀಡಿಂಗೇ ದೊಡ್ಡ ಕಷ್ಟ, ಬೇರೆ ಏನೂ ಇಲ್ಲ ಅನ್ನೋರು ಮೇಲಿನ ಯಾವುದಕ್ಕೂ ಕೈ ಹಾಕೋ ಮುಂಚೆ ಗೈನಕಾಲಜಿಸ್ಟ್‌ನ ನೋಡಿ. ಬ್ಲೀಡಿಂಗ್ ಕಮ್ಮಿ ಮಾಡೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನ್ ಇರೋ ಕಾಪರ್-ಟಿ ಥರದ್ದು, ಇವೇ ಎಷ್ಟೋ ಜನಕ್ಕೆ ಸಾಕಾಗಿದೆ, ಕೌಂಟ್ 35 ಸಾವಿರದಲ್ಲೇ ಇರುತ್ತೆ, ಬದುಕು ಸಲೀಸು.

ದುಡ್ಡು ಬಿಗಿ, ಲ್ಯಾಬ್ ಹತ್ರ ಇದೆ, ಬ್ಲೀಡಿಂಗ್ ತುರ್ತಿಲ್ಲ ಅಂದ್ರೆ ಡ್ಯಾಪ್ಸೋನ್ ಮೊದಲು ನೋಡೋದ್ರಲ್ಲಿ ಅವಮಾನ ಏನೂ ಇಲ್ಲ. ವಯಸ್ಸು 65, ಶುಗರ್ ಇದೆ ಅನ್ನೋರಿಗೆ ನನ್ನ ಅಭಿಪ್ರಾಯದಲ್ಲಿ ಸ್ಟೀರಾಯ್ಡ್ ಎಳೆಯೋದೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಕೆಲಸಕ್ಕೆ ಊರೂರು ಅಲೆಯೋ ಹುಡುಗರು, ದಿನಾ ಮಾತ್ರೆ ಟೈಮಿಗೆ ಆಗಲ್ಲ ಅನ್ನೋರು ರಿಟಕ್ಸಿಮ್ಯಾಬ್ ಕಡೆ ಯೋಚಿಸಬಹುದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಇರೋರು ಅಡ್ಮಿಟ್ ಆಗಿ ತಗೊಳ್ಳೋ ಔಷಧಿಗೂ, ಮನೇಲಿ ನುಂಗೋ ಮಾತ್ರೆಗೂ ನಿಯಮ ಬೇರೆ ಬೇರೆ ಇರಬಹುದು ಅಂತ ಗಮನದಲ್ಲಿಟ್ಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ರ ಆಯ್ಕೆಗಿಂತ ಮುಂಚೆ ವಿಚಾರಿಸಿ.

ಪಪ್ಪಾಯ ಎಲೆ ರಸದ ಬಗ್ಗೆ ಕೇಳೇ ಕೇಳ್ತೀರ. ಡೆಂಗ್ಯೂಲಿ ಕೌಂಟ್ ತಾನಾಗೇ ಏರುತ್ತೆ, ಹೆಸರು ಎಲೆಗೆ ಬರುತ್ತೆ. ಐಟಿಪಿಲಿ ತಾನಾಗೇ ಏರದೇ ಇರೋದೇ ಕಾಯಿಲೆ. ಯಾವ ದಾರಿ ಹಿಡಿದ್ರೂ ಕಾಂಬಿಫ್ಲಾಮ್, ಬ್ರುಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ನೀವಾಗೇ ತಗೋಬೇಡಿ, ಜ್ವರ ನೋವಿಗೆ ಪ್ಯಾರಾಸಿಟಮಾಲ್. ಊರಿನ ಕ್ಲಿನಿಕ್ಕಲ್ಲಿ "ಒಂದು ಸೂಜಿ ಹಾಕ್ಬಿಡಿ ಡಾಕ್ಟ್ರೇ" ಅನ್ನೋ ಅಭ್ಯಾಸ ಇರೋರು ಬಿಡಿ, ಸೊಂಟಕ್ಕೆ ಹಾಕೋ ಇಂಜೆಕ್ಷನ್ ಒಳಗೇ ರಕ್ತ ಕಟ್ಟಿಸುತ್ತೆ. ಹಿಂದೆಂದೂ ಇಲ್ಲದ ತಲೆನೋವು, ವಾಂತಿ, ಕಪ್ಪು ಮಲ, ಬಾಯೊಳಗೆ ರಕ್ತದ ಗುಳ್ಳೆ, ತಲೆಗೆ ಪೆಟ್ಟು, ಇದಕ್ಕೆಲ್ಲಾ ಲ್ಯಾಬ್ ರಿಪೋರ್ಟ್ ಕಾಯದೆ ಕ್ಯಾಶುವಾಲ್ಟಿಗೆ ಹೋಗಿ.

ಇನ್ನು ಔಷಧಿ ಆರಿಸಿ ಆಯ್ತು ಅಂದ್ಮೇಲೆ ಅದಕ್ಕೆ ಟೈಮ್ ಕೊಡಿ. ಎಲ್ಟ್ರೊಂಬೊಪ್ಯಾಗ್ ಅತಿ ಹೆಚ್ಚಿನ ಡೋಸ್ 75 ಮಿ.ಗ್ರಾಂ ತಲುಪಿ ನಾಲ್ಕು ವಾರ ಆದ್ರೂ ಏರಲಿಲ್ಲ ಅಂದ್ರೆ ಬದಲಾಯಿಸ್ತಾರೆ, ರಿಟಕ್ಸಿಮ್ಯಾಬ್‌ಗೆ ಎಂಟು ವಾರ, ಡ್ಯಾಪ್ಸೋನ್‌ಗೆ ಎರಡು ಮೂರು ತಿಂಗಳು, ಅಜಾಥಯೋಪ್ರಿನ್‌ಗೆ ಆರು ತಿಂಗಳವರೆಗೂ. ಹತ್ತು ದಿನಕ್ಕೆ ಸಾಕಾಗಿ ಮೂರು ಡಾಕ್ಟ್ರ ಹತ್ರ ಮೂರು ಔಷಧಿ ತಗೊಂಡ್ರೆ ಯಾವುದು ಕೆಲಸ ಮಾಡ್ತು ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ. ಶುರು ಮಾಡಿದ ತಾರೀಕು, ಆವತ್ತಿನ ಕೌಂಟು, ಎಷ್ಟು ದಿನ ನೋಡೋಣ ಅಂತ ಡಾಕ್ಟ್ರು ಹೇಳಿದ್ದು, ಮೂರನ್ನೂ ಫೈಲಿನ ಮೊದಲ ಹಾಳೆ ಮೇಲೆ ದಪ್ಪಗೆ ಬರೆಸ್ಕೊಂಡೇ ಆಚೆ ಬನ್ನಿ.